ಮುತ್ತಜ್ಜ ಯಾವ ಊರಿನಿಂದ ಎದ್ದು ಬಂದರು? ಮನೆತನದ, ಊರಿನ ಚರಿತ್ರೆ ಹುಡುಕುವವರು ಸ್ವಲ್ಪ ದಾರಿ ಹೇಳಿ

ಶಿರಾಸೀಮೆ

ಎಲ್ಲರಿಗೂ ನಮಸ್ಕಾರ. ನಮ್ಮದು ತುಮಕೂರು ಜಿಲ್ಲೆ, ಶಿರಾ ಕಡೆಯ ಹಳ್ಳಿ. ಹೋದ ವರ್ಷ ನಮ್ಮ ಅಜ್ಜ ತೀರಿಕೊಂಡರು. ತಿಥಿ ಮುಗಿದ ಮೇಲೆ ಅಟ್ಟದ ಮೇಲಿದ್ದ ಅವರ ಟ್ರಂಕ್ ಇಳಿಸಿದೆವು. ತಂತಿಗೆ ಚುಚ್ಚಿಟ್ಟ ಕಂದಾಯದ ರಸೀದಿಗಳು, ಅರ್ಧ ಗೆದ್ದಲು ತಿಂದ ಒಂದು ಛಾಪಾ ಕಾಗದ, ಅಜ್ಜನ ಮದುವೆಗೆ ಯಾರು ಎಷ್ಟು ಮುಯ್ಯಿ ಮಾಡಿದರು ಅಂತ ಬರೆದಿಟ್ಟ ಮುಯ್ಯಿ ಪುಸ್ತಕ, ಇಷ್ಟು ಸಿಕ್ಕವು. ಎಲ್ಲರೂ ಛಾಪಾ ಕಾಗದದ ಸುತ್ತ ಸೇರಿಕೊಂಡರು, ಆಸ್ತಿ ವಿಷಯ ಇರಬಹುದು ಅಂತ. ನಾನು ಮುಯ್ಯಿ ಪುಸ್ತಕ ಎತ್ತಿಕೊಂಡೆ. ಅವತ್ತಿನಿಂದ ಇದೇ ಗುಂಗು ಹಿಡಿದಿದೆ.

ನಮ್ಮ ಮನೆಯಲ್ಲಿ ಒಂದು ಮಾತಿದೆ. "ನಾವು ಈ ಊರಿನವರಲ್ಲ, ಎದ್ದು ಬಂದವರು." ಧಾತು ಈಶ್ವರ ಬರದಲ್ಲಿ ಮುತ್ತಜ್ಜ ಒಂದು ಜೊತೆ ಎತ್ತು ಹೊಡೆದುಕೊಂಡು, ಹೆಂಡತಿ ಕಂಕುಳಲ್ಲಿ ಕೈಗೂಸು ಎತ್ತಿಕೊಂಡು ಇಲ್ಲಿಗೆ ಬಂದರಂತೆ. ಎಲ್ಲಿಂದ ಅಂತ ಯಾರಿಗೂ ಗೊತ್ತಿಲ್ಲ. ಮನೆದೇವರು ಮಾತ್ರ ಹೊಸದುರ್ಗ ತಾಲ್ಲೂಕಿನಲ್ಲಿದೆ. ಸಣ್ಣ ಅಮ್ಮನ ಗುಡಿ. ಎರಡು ಮೂರು ವರ್ಷಕ್ಕೊಮ್ಮೆ ಹೋಗಿ ಹಣ್ಣುಕಾಯಿ ಮಾಡಿಸಿಕೊಂಡು ಬರುತ್ತೇವೆ, ಅಷ್ಟೇ.

ನನಗೆ ಚರಿತ್ರೆ ಓದಿದ ಹಿನ್ನೆಲೆ ಇಲ್ಲ. ವಾರದಲ್ಲಿ ಭಾನುವಾರ ಒಂದೇ ರಜೆ. ಎಲ್ಲಿಂದ ಶುರು ಮಾಡಲಿ?

ಹಳೇಕಡತ

ಸ್ವಾಗತ. ನಾನು ಹನ್ನೆರಡು ವರ್ಷದಿಂದ ಈ ಕೆಲಸದಲ್ಲಿದ್ದೇನೆ, ಅದೂ ಸುಮ್ನೆ ಆಸಕ್ತಿಗೆ. ಮೊದಲನೇ ಮಾತು: ಕಾಗದ ಎಲ್ಲೂ ಓಡಿಹೋಗುವುದಿಲ್ಲ, ವಯಸ್ಸಾದವರು ಹೋಗಿಬಿಡುತ್ತಾರೆ. ಅಜ್ಜನ ಅಣ್ಣ, ತಮ್ಮ, ತಂಗಿ ಯಾರಾದರೂ ಇದ್ದರೆ ಈ ಭಾನುವಾರವೇ ಹೋಗಿ ಕೂತುಕೊಳ್ಳಿ. ಫೋನಿನಲ್ಲಿ ರೆಕಾರ್ಡ್ ಮಾಡಿ, ಆದರೆ ಕೇಳಿಯೇ ಮಾಡಿ.

"ಯಾವ ಇಸವಿ?" ಅಂತ ಕೇಳಬೇಡಿ. ಅವರ ಲೆಕ್ಕ ಇಸವಿಯಲ್ಲಿ ಇರುವುದಿಲ್ಲ. "ಪ್ಲೇಗ್ ಬಂದು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದಾಗ ನೀವು ಹುಟ್ಟಿದ್ದಿರಾ?", "ಕೆರೆ ಒಡೆದದ್ದು ನಿಮ್ಮ ಮದುವೆಗೆ ಮುಂಚೆಯೋ ಆಮೇಲೋ?" ಹೀಗೆ ಕೇಳಿ. ಮೈಸೂರು ಸೀಮೆಗೆ ಪ್ಲೇಗ್ ಕಾಲಿಟ್ಟದ್ದು 1898ರಲ್ಲಿ, ಆಮೇಲೂ ಎಷ್ಟೋ ವರ್ಷ ಬಿಟ್ಟು ಬಿಟ್ಟು ಬರುತ್ತಲೇ ಇತ್ತು. ದೊಡ್ಡ ಫ್ಲೂ ಜ್ವರ 1918. ಇಂಥ ನಾಲ್ಕು ಗೂಟ ಸಿಕ್ಕರೆ ಉಳಿದದ್ದನ್ನು ಅವುಗಳ ನಡುವೆ ಕಟ್ಟಬಹುದು.

ಸಂವತ್ಸರದ ಹೆಸರು ಹೇಳಿದರೆ ಬರೆದುಕೊಳ್ಳಿ. ಅರವತ್ತು ವರ್ಷಕ್ಕೆ ಒಂದು ಸುತ್ತು. ಧಾತು ಅಂದರೆ 1876, ಮುಂದಿನದು ಈಶ್ವರ 1877. ಬರದ ಹೆಸರು ಬಂದದ್ದೇ ಹಾಗೆ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು, 1881ರಲ್ಲಿ ಸುಮಾರು 42 ಲಕ್ಷ. ಆ ಹತ್ತು ವರ್ಷದ ನಡುವೆ ಈ ಬರ ಕೂತಿದೆ. ಹಾಗಾಗಿ ನಮ್ಮ ಕಡೆ ಅರ್ಧಕ್ಕರ್ಧ ಮನೆಗಳಲ್ಲಿ ಈ ಬರದ ಮಾತು ಇದ್ದೇ ಇರುತ್ತದೆ.

ಆದರೆ ನಿಮ್ಮ ಕತೆಯಲ್ಲಿ ಒಂದು ತೊಡಕಿದೆ. ಮುತ್ತಜ್ಜ ಯಾವಾಗ ತೀರಿಕೊಂಡರು, ಎಷ್ಟು ವಯಸ್ಸಾಗಿತ್ತು, ಸ್ವಲ್ಪ ವಿಚಾರಿಸಿ ಹೇಳ್ತೀರಾ?

ಶಿರಾಸೀಮೆ

ಅಪ್ಪನನ್ನು ಕೇಳಿದೆ. ಮುತ್ತಜ್ಜ ಹೋದಾಗ ಅಪ್ಪನಿಗೆ ಹತ್ತೊಂಬತ್ತು, ಅಂದರೆ 1978. ಮುತ್ತಜ್ಜನಿಗೆ ಎಪ್ಪತ್ತು ದಾಟಿತ್ತಂತೆ.

ಹಳೇಕಡತ

ಹಾಗಾದರೆ ಅವರು ಹುಟ್ಟಿದ್ದು 1905ರ ಆಸುಪಾಸು. ಧಾತು ಈಶ್ವರ ಬರದ ಹೊತ್ತಿಗೆ ಅವರು ಹುಟ್ಟೇ ಇರಲಿಲ್ಲ.

ಬೇಜಾರಾಗಬೇಡಿ, ಮನೆಯ ಮಾತು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಬಾಯಿಂದ ಬಾಯಿಗೆ ಬರುವ ಕತೆಯಲ್ಲಿ ತಲೆಮಾರುಗಳು ಒಂದರೊಳಗೊಂದು ಸೇರಿಕೊಳ್ಳುತ್ತವೆ. ಅದಕ್ಕೆ ದೊಡ್ಡ ಕಾರಣ ನಮ್ಮ ಹೆಸರಿಡುವ ಪದ್ಧತಿ. ತಾತನ ಹೆಸರು ಮೊಮ್ಮಗನಿಗೆ. ಒಂದೇ ಹೆಸರಿನ ಇಬ್ಬರು, ನಡುವೆ ಒಬ್ಬ. ನೂರು ವರ್ಷ ಕಳೆದರೆ ಮೂವರ ಬದುಕೂ ಒಬ್ಬನ ಹೆಸರಿಗೆ ಅಂಟಿಕೊಳ್ಳುತ್ತದೆ. ನನ್ನ ಸ್ವಂತ ಮನೆಯಲ್ಲೇ ಇಬ್ಬರು ತಾತಂದಿರನ್ನು ಒಬ್ಬನೇ ಅಂದುಕೊಂಡು ಮೂರು ವರ್ಷ ಕಳೆದಿದ್ದೆ. ಕೊನೆಗೆ ಒಂದು ಹಳೆಯ ಕ್ರಯಪತ್ರ ಸಿಕ್ಕಿ ಬಿಡಿಸಿಕೊಂಡಿತು.

ಸರಪಳಿ

ನಾನು ಸರ್ವೆ ಇಲಾಖೆಯಲ್ಲಿ ಇದ್ದವನು, ಈಗ ನಿವೃತ್ತ. ಕಾಗದದ ವಿಷಯ ನಾನು ಹೇಳುತ್ತೇನೆ ತಮ್ಮಾ.

ಮೊದಲು ಅಜ್ಜನ ಜಮೀನಿನ ಸರ್ವೆ ನಂಬರ್ ಬರೆದುಕೊಳ್ಳಿ. ಈಗಿನ ಪಹಣಿ ಮನೆಯಲ್ಲೇ ಕೂತು ನೋಡಬಹುದು, ಆದರೆ ಭೂಮಿ ಯೋಜನೆ ಬಂದು ಕಂಪ್ಯೂಟರಿಗೆ ಹೋದದ್ದು 2000ದ ಆಸುಪಾಸು. ಅದಕ್ಕಿಂತ ಹಿಂದಿನದಕ್ಕೆ ಕೈಬರಹದ ಪಹಣಿ, ಮ್ಯುಟೇಷನ್ (ಜಮೀನು ಒಬ್ಬರ ಹೆಸರಿಂದ ಇನ್ನೊಬ್ಬರಿಗೆ ಹೋದ ದಾಖಲೆ), ಇಂಡೆಕ್ಸ್ ಆಫ್ ಲ್ಯಾಂಡ್ಸ್, ರೆಕಾರ್ಡ್ ಆಫ್ ರೈಟ್ಸ್ ಕೇಳಬೇಕು. ಇವು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಇರುತ್ತವೆ. ನಕಲಿಗೆ ಅರ್ಜಿ ಹಾಕಬೇಕು. ಸರ್ವೆ ನಂಬರ್ ಒಡೆದು 45/1, 45/2 ಆಗಿದ್ದರೆ ಅದು ಪೋಡಿ ಆದದ್ದು. ಅಣ್ಣತಮ್ಮಂದಿರು ಯಾವಾಗ ಭಾಗವಾದರು ಅಂತ ಆ ಮ್ಯುಟೇಷನ್ನಿನಲ್ಲೇ ಗೊತ್ತಾಗುತ್ತದೆ.

ಹಳೆಯ ಕಾಗದದಲ್ಲಿ ಹೆಸರು ಹೇಗೆ ಬರೆದಿದ್ದಾರೆ ನೋಡಿ. ಇಂಥವನು "ಬಿನ್" ಇಂಥವನು ಅಂದರೆ ಇಂಥವನ ಮಗ. ಹೆಂಗಸರ ಹೆಸರಿನ ಮುಂದೆ "ಕೋಂ" ಅಂತ ಇದ್ದರೆ ಇಂಥವನ ಹೆಂಡತಿ. ವಂಶಾವಳಿ ಕಟ್ಟುವವರಿಗೆ ಈ ಎರಡು ಸಣ್ಣ ಪದಗಳಷ್ಟು ಬೆಲೆ ಬಾಳುವುದು ಬೇರೆ ಇಲ್ಲ. ಹಳೇಕಡತ ಅವರು ಹೇಳಿದ ಒಂದೇ ಹೆಸರಿನ ಗೋಜಲು ಬಿಡಿಸುವುದೂ ಇದೇ ಬಿನ್.

ಮೈಸೂರು ಸೀಮೆಯಲ್ಲಿ ರೆವಿನ್ಯೂ ಸರ್ವೆ ಶುರುವಾದದ್ದು 1863ರಲ್ಲಿ. ಅದಕ್ಕೂ ಹಿಂದಿನ ಲೆಕ್ಕವೆಲ್ಲ ಶಾನುಭೋಗರ ಕೈಯಲ್ಲಿತ್ತು. ಕಡತ ಅಂದರೆ ಈಗಿನ ಫೈಲ್ ಅಲ್ಲ, ಬಟ್ಟೆ. ಹುಣಸೆ ಬೀಜದ ಸರಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಸಿ, ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ವಂಶಪಾರಂಪರ್ಯ ಪಟೇಲಿಕೆ, ಶಾನುಭೋಗಿಕೆ 1963ರಲ್ಲಿ ರದ್ದಾದ ಮೇಲೆ ಎಷ್ಟೋ ಕಾಗದ ಆ ಮನೆಗಳ ಅಟ್ಟದಲ್ಲೇ ಉಳಿದವು. ಹಳೆಯ ಶಾನುಭೋಗರ ಮನೆ ಯಾವುದು ಅಂತ ವಿಚಾರಿಸಿ, ಮರ್ಯಾದೆಯಿಂದ ಹೋಗಿ ಕೇಳಿ.

ಇನ್ನೊಂದು. ಹಿಂದೆ ಯಾರದಾದರೂ ಜಮೀನು ಗೇಣಿಗೆ ಮಾಡುತ್ತಿದ್ದರೆ 1974ರ ಭೂಸುಧಾರಣೆ ಕಾಲದ ಫಾರಂ 7, ಅಂದರೆ ಗೇಣಿದಾರರು ಹಾಕಿದ ಅರ್ಜಿ, ಹುಡುಕಿ. ಎಷ್ಟು ವರ್ಷದಿಂದ ಉಳುತ್ತಿದ್ದೇವೆ, ಅಪ್ಪ ಯಾರು, ತಾತ ಯಾರು ಅಂತ ಜನ ಭೂ ನ್ಯಾಯಮಂಡಳಿ ಮುಂದೆ ಹೇಳಿಕೆ ಕೊಟ್ಟಿದ್ದಾರೆ. ಓದಿದರೆ ಆ ಕಾಲದ ಮನುಷ್ಯರೇ ಎದುರಿಗೆ ಕೂತು ಮಾತಾಡಿದ ಹಾಗೆ ಇರುತ್ತದೆ.

ಬೆಳವಲ

ನಮ್ಮ ಕಡೆ ಈ ಕೆಲಸಕ್ಕೆ ಹೆಳವರು ಇದ್ದಾರೆ, ಮನೆಮನೆಯ ವಂಶಾವಳಿ ಹೇಳುವವರು. ನಾನು ಬೆಳಗಾವಿ ಜಿಲ್ಲೆಯವನು. ಸುಗ್ಗಿ ಮುಗಿದ ಮೇಲೆ ಬರುತ್ತಾರೆ. ಮುಂಚೆ ಎತ್ತಿನ ಮೇಲೆ ಕೂತು ಬರುತ್ತಿದ್ದರು, ಈಗ ಗಾಡಿಯಲ್ಲಿ ಬರುವವರೂ ಇದ್ದಾರೆ. ಒಂದೊಂದು ಹೆಳವರ ಮನೆತನಕ್ಕೆ ಇಂತಿಂಥ ಊರು, ಇಂತಿಂಥ ಮನೆ ಅಂತ ಗೊತ್ತುಪಡಿಸಿರುತ್ತದೆ. ಅಂಗಳದಲ್ಲಿ ನಿಂತು ನಿಮ್ಮ ಮೂಲಪುರುಷನಿಂದ ಹಿಡಿದು ಒಬ್ಬೊಬ್ಬರ ಹೆಸರು ರಾಗವಾಗಿ ಹೇಳುತ್ತಾ ಬರುತ್ತಾರೆ. ಕೊನೆಗೆ ಹೊಸದಾಗಿ ಹುಟ್ಟಿದ ಮಕ್ಕಳ ಹೆಸರು ಕೇಳಿ ಪುಸ್ತಕಕ್ಕೆ ಸೇರಿಸಿಕೊಳ್ಳುತ್ತಾರೆ. ಕಾಳು, ಬಟ್ಟೆ, ದುಡ್ಡು ಕೊಟ್ಟು ಕಳಿಸುತ್ತೇವೆ.

ಚಿಕ್ಕವನಿದ್ದಾಗ ನನ್ನ ಹೆಸರು ಆ ಪುಸ್ತಕದಲ್ಲಿ ಬರೆದುಕೊಂಡದ್ದನ್ನು ನೋಡಿದ ನೆನಪಿದೆ. ಮೈ ಜುಮ್ಮೆಂದಿತ್ತು. ಹೋದ ಸಲ ಬಂದಾಗ ನಮ್ಮ ಹನ್ನೊಂದು ತಲೆಮಾರು ಹೇಳಿದರು. ಅದರಲ್ಲಿ ಕೆಳಗಿನ ಆರು ನಮ್ಮ ಕಾಗದಗಳಿಗೆ ಹೊಂದಿದವು, ಮೇಲಿನ ಐದಕ್ಕೆ ಬೇರೆ ಆಧಾರ ಇನ್ನೂ ಸಿಕ್ಕಿಲ್ಲ. ನನ್ನ ಪುಸ್ತಕದಲ್ಲಿ ಆ ಐದು ಹೆಸರನ್ನು ಪೆನ್ಸಿಲ್ಲಿನಲ್ಲಿ ಬರೆದಿದ್ದೇನೆ.

ಒಂದು ಕೊರತೆ ಹೇಳಬೇಕು. ನಮ್ಮ ಮನೆಯ ಪಟ್ಟಿಯಲ್ಲಿ ಗಂಡುಮಕ್ಕಳೇ ಜಾಸ್ತಿ. ಅವ್ವ, ಅಜ್ಜಿ, ಮುತ್ತವ್ವ ಯಾವ ಮನೆಯಿಂದ ಬಂದವರು ಅಂತ ಅದರಲ್ಲಿ ಸಿಗಲಿಲ್ಲ.

ಕಡಲಕರೆ

ಬೆಳವಲ ಅವರು ಹೇಳಿದ್ದಕ್ಕೆ ನಮ್ಮ ಕಡೆಯ ಮಾತು ಸೇರಿಸುತ್ತೇನೆ. ತುಳುನಾಡಿನಲ್ಲಿ ಅಳಿಯಸಂತಾನದ ಮನೆಗಳಲ್ಲಿ ಅಪ್ಪ, ಅಜ್ಜ ಅಂತ ಹಿಡಿದು ಹೋದರೆ ದಾರಿ ತಪ್ಪುತ್ತೀರಿ. ಕುಟುಂಬ ಹೋಗುವುದು ತಾಯಿಯ ಕಡೆಯಿಂದ. ಆಸ್ತಿಯ ಕಾಗದದಲ್ಲಿ ಯಜಮಾನನಾಗಿ ಕಾಣುವುದು ಮಾವ, ಅಂದರೆ ಅಮ್ಮನ ಅಣ್ಣ. ಅವರನ್ನು ಅಪ್ಪ ಅಂದುಕೊಂಡು ವಂಶವೃಕ್ಷ ಬರೆದವರನ್ನು ನಾನು ನೋಡಿದ್ದೇನೆ. ನಮ್ಮಲ್ಲಿ ಮೊದಲು ಕೇಳಬೇಕಾದದ್ದು ಬರಿ (ಗೋತ್ರದ ಹಾಗೆ, ತಾಯಿಯ ಕಡೆಯಿಂದ ಬರುವುದು) ಯಾವುದು, ತರವಾಡು ಮನೆ, ಅಂದರೆ ಕುಟುಂಬದ ಮೂಲ ಮನೆ ಯಾವುದು ಅಂತ. ಕ್ರೈಸ್ತ ಮನೆಗಳಾದರೆ ಇಗರ್ಜಿಯ ಜ್ಞಾನಸ್ನಾನದ ಪುಸ್ತಕ, ಮದುವೆಯ ಪುಸ್ತಕ. ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ, ಆ ಸಭೆಗಳವರಿಗೂ ದಾಖಲೆ ಚೆನ್ನಾಗಿ ಸಿಗುತ್ತದೆ. ಕೆಥೊಲಿಕರಲ್ಲಿ ಟಿಪ್ಪುವಿನ ಕಾಲದ ಸೆರೆ, 1784ರಿಂದ 1799, ದೊಡ್ಡ ಗೋಡೆಯ ಹಾಗೆ ಅಡ್ಡ ನಿಲ್ಲುತ್ತದೆ. ಅದರ ಆಚೆಗೆ ಹೋಗುವುದು ತುಂಬ ಕಷ್ಟ.

ಶಿರಾಸೀಮೆ

ಇಷ್ಟು ಜನ ಇಷ್ಟು ಬರೆದಿದ್ದೀರಿ, ಓದಿ ಮನಸ್ಸು ತುಂಬಿ ಬಂತು.

ಹೋದ ಭಾನುವಾರ ಅಜ್ಜನ ತಂಗಿ, ಅಂದರೆ ನಮ್ಮ ಚಿಕ್ಕಜ್ಜಿಯ ಮನೆಗೆ ಹೋಗಿದ್ದೆ. ಎಂಬತ್ತೈದು ವರ್ಷ. ಕಣ್ಣು ಮಂಜು, ನೆನಪು ಚುರುಕು. ಒಂದೂವರೆ ಗಂಟೆ ರೆಕಾರ್ಡ್ ಆಗಿದೆ. ಎದ್ದು ಬಂದ ವಿಷಯ ಕೇಳಿದಾಗ ಅವರು ಹೇಳಿದ್ದು ಇದಿಷ್ಟೇ, ಹೇಳಿದ ಹಾಗೇ ಬರೆಯುತ್ತೇನೆ: "ಬರ ಬಂತು. ಆಮೇಲೆ ನೀರು ಬಂತು. ಎದ್ದು ಬಂದೆವು." ಬರ ಕಳೆದು ಮಳೆ ಬಂತು ಅಂತ ಇರಬೇಕು. ಎಲ್ಲಿಂದ ಅಂತ ಕೇಳಿದರೆ "ಅಮ್ಮನ ಊರಿಂದ" ಅನ್ನುತ್ತಾರೆ, ಮನೆದೇವರ ಊರು ಅಂತ ಅರ್ಥ.

ಮುಯ್ಯಿ ಪುಸ್ತಕವನ್ನೂ ಪೂರ್ತಿ ಓದಿದೆ. 1956ರ ಮದುವೆ. ಒಂದು ಹಾಳೆಗೆ ಒಂದೊಂದು ಊರು. ಊರ ಹೆಸರು, ಕೆಳಗೆ ಮನುಷ್ಯರ ಹೆಸರು, ಪಕ್ಕದಲ್ಲಿ ಎಂಟಾಣೆ, ಒಂದು ರೂಪಾಯಿ, ಎರಡು ರೂಪಾಯಿ. ಕೊನೆಯ ಹಾಳೆಯಲ್ಲಿ ಒಂದು ಊರಿನ ಹೆಸರಿದೆ, ಅದರ ಕೆಳಗೆ "ದಾಯಾದಿಗಳು" ಅಂತ ಬರೆದು ಮೂರು ಜನರ ಹೆಸರು. ಆ ಊರು ಗೂಗಲ್ ಮ್ಯಾಪಿನಲ್ಲಿ ಇಲ್ಲ. ಹೆಸರು ಇಲ್ಲಿ ಹಾಕುವುದಿಲ್ಲ, ಬಂಧುಗಳ ನಡುವೆ ಈಗಲೇ ಜಮೀನಿನ ತಕರಾರು ಇದೆ.

ಸರಪಳಿ

ಮ್ಯಾಪಿನಲ್ಲಿ ಇಲ್ಲ ಅಂದರೆ ಊರೇ ಇಲ್ಲ ಅಂತಲ್ಲ. ತಾಲ್ಲೂಕಿನ ಗ್ರಾಮಗಳ ಪಟ್ಟಿ ತೆಗೆದು "ಬೇಚರಾಕ್" ಅಂತ ಬರೆದವನ್ನು ನೋಡಿ. ಬೇ ಚಿರಾಗ್, ದೀಪ ಇಲ್ಲದ್ದು ಅಂತ ಅರ್ಥ. ಜನ ಬಿಟ್ಟುಹೋಗಿ ಹೊಲ ಮಾತ್ರ ಉಳಿದ ಊರು. ಸರ್ವೆ ನಂಬರ್ ಇರುತ್ತದೆ, ಗ್ರಾಮ ನಕ್ಷೆ ಇರುತ್ತದೆ, ಒಂದು ಮನೆಯಲ್ಲೂ ದೀಪ ಇರುವುದಿಲ್ಲ. ಸರ್ವೆ ಇಲಾಖೆಯ ಜಾಲತಾಣದಲ್ಲಿ ಹಳೆಯ ಗ್ರಾಮ ನಕ್ಷೆಗಳು ಸಿಗುತ್ತವೆ, ದಿಶಾಂಕ್ ಆ್ಯಪಿನಲ್ಲೂ ಗ್ರಾಮದ ಗಡಿ ಕಾಣುತ್ತದೆ. ನಾನು ಸರ್ವೆಗೆ ಹೋದ ಎಷ್ಟೋ ಬೇಚರಾಕ್ ಊರುಗಳಲ್ಲಿ ಹುಣಸೆ ಮರ, ಮುರುಕು ಬಾವಿ, ಒಂದು ದೇವರ ಕಟ್ಟೆ ಇಷ್ಟೇ ಉಳಿದಿತ್ತು. ವರ್ಷಕ್ಕೊಮ್ಮೆ ಯಾರೋ ಬಂದು ಪೂಜೆ ಮಾಡಿ ಹೋಗಿರುತ್ತಿದ್ದರು. ಅಂಥವರನ್ನು ಹಿಡಿದರೆ ನಿಮ್ಮ ಕೆಲಸ ಅರ್ಧ ಮುಗಿದ ಹಾಗೆ.

ಜಮೀನಿನ ತಕರಾರಿನ ಮಾತು ಬಂತಲ್ಲ, ಅದಕ್ಕೆ ಹೇಳುತ್ತೇನೆ. ಹೊಸ ಊರಿಗೆ ಹೋಗಿ ವಂಶಾವಳಿ ಕೇಳಿದರೆ ಜನ ಮೊದಲು ಅಂದುಕೊಳ್ಳುವುದು ಇವನು ಆಸ್ತಿಗೆ ಬಂದಿದ್ದಾನೆ ಅಂತಲೇ. ಅವರ ತಪ್ಪಲ್ಲ. ಮನೆಯ ಹಿರಿಯರನ್ನು ಜೊತೆಗೆ ಕರೆದುಕೊಂಡು ಹೋಗಿ, ಮೊದಲನೇ ಸಲ ಕಾಗದ ಪೆನ್ನು ಹೊರಗೆ ತೆಗೆಯಬೇಡಿ.

ಕಲ್ಲುಬರಹ

ಮನೆದೇವರ ಬಗ್ಗೆ ಒಂದು ಮಾತು. ಮೈಲಾರ, ತಿರುಪತಿ ಅಂತ ದೊಡ್ಡ ದೇವರಾದರೆ ಅದರಿಂದ ಮೂಲ ಊರು ಹೇಳಲು ಬರುವುದಿಲ್ಲ, ಆ ದೇವರಿಗೆ ನಡೆದುಕೊಳ್ಳುವ ಒಕ್ಕಲು ನಾಡೆಲ್ಲ ಹರಡಿದ್ದಾರೆ. ಆದರೆ ಹತ್ತಿಪ್ಪತ್ತು ಮನೆಯವರು ಮಾತ್ರ ನಡೆದುಕೊಳ್ಳುವ ಸಣ್ಣ ಅಮ್ಮನ ಗುಡಿ ಆದರೆ ಅದು ತುಂಬ ಗಟ್ಟಿ ಸುಳಿವು. ಆ ಗುಡಿಗೆ ಬೇರೆ ಯಾವ ಯಾವ ಊರಿನಿಂದ ಒಕ್ಕಲು ಬರುತ್ತಾರೆ ಅಂತ ಪೂಜಾರಪ್ಪನನ್ನು ಕೇಳಿ. ಅವರೆಲ್ಲ ಒಂದು ಕಾಲದ ನಿಮ್ಮ ಅಕ್ಕಪಕ್ಕದ ಮನೆಯವರು ಆಗಿರಬಹುದು.

ಗುಡಿಗೆ ಹೋದಾಗ ಸುತ್ತ ಕಲ್ಲುಗಳಿವೆಯಾ ನೋಡಿ. ವೀರಗಲ್ಲಾದರೆ ಸಾಮಾನ್ಯವಾಗಿ ಮೂರು ಅಂತಸ್ತು: ಕೆಳಗೆ ಹೋರಾಟ, ನಡುವೆ ಸತ್ತವನನ್ನು ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಲಿಂಗದ ಮುಂದೆ ಅವನು ಕೂತಿರುವುದು, ತುದಿಯಲ್ಲಿ ಸೂರ್ಯ ಚಂದ್ರ. ಕೆಳಗಿನ ಅಂತಸ್ತಿನಲ್ಲಿ ದನ ಕಂಡರೆ ಅದು ತುರುಗೋಳು, ದನ ಹಿಡಿದುಕೊಂಡು ಹೋಗಲು ಬಂದವರ ಜೊತೆ ಕಾದು ಸತ್ತವನು. ಕಂಬದಿಂದ ಹೊರಟ ಬಳೆ ತೊಟ್ಟ ಕೈ ಇದ್ದರೆ ಮಾಸ್ತಿಗಲ್ಲು, ಸತಿ ಹೋದವಳ ನೆನಪಿನ ಕಲ್ಲು. ಇದೆಲ್ಲ ಮುನ್ನೂರು ನಾನ್ನೂರು ವರ್ಷಕ್ಕಿಂತ ಹಿಂದಿನ ಮಾತು, ನಿಮ್ಮ ಮುತ್ತಜ್ಜನ ಜಾಡಿಗೆ ನೇರ ಸಿಗುವುದಿಲ್ಲ. ಆದರೆ ಊರು ಎಷ್ಟು ಹಳೆಯದು ಅಂತ ಹೇಳುತ್ತದೆ.

ಅಕ್ಷರ ಇದ್ದರೆ ದಯವಿಟ್ಟು ತಂತಿ ಬ್ರಷ್ ಹಾಕಬೇಡಿ, ಆ್ಯಸಿಡ್ ಹಾಕಬೇಡಿ, ಅಕ್ಷರಕ್ಕೆ ಬಣ್ಣ ತುಂಬಬೇಡಿ. ನೀರು, ಮೆತ್ತಗಿನ ಬ್ರಷ್, ಸಾಕು. ಮಧ್ಯಾಹ್ನದ ಬಿಸಿಲಲ್ಲಿ ಏನೂ ಕಾಣುವುದಿಲ್ಲ. ಸಂಜೆ ಬಿಸಿಲು ಓರೆಯಾದಾಗ ಹೋಗಿ, ಇಲ್ಲವೇ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಅಂಟಿಸಿದ ಹಾಗೆ ಹಿಡಿಯಿರಿ. ಸವೆದ ಗೆರೆಗೆ ನೆರಳು ಬಿದ್ದು ಒಂದೊಂದೇ ಅಕ್ಷರ ಮೇಲೇಳುತ್ತದೆ. ಮೊದಲನೇ ಸಲ "ಸ್ವಸ್ತಿ ಶ್ರೀ" ಅಂತ ಎದ್ದದ್ದು ಕಂಡಾಗ ನಾನು ಹೊಲದ ಬದುವಿನ ಮೇಲೆ ಹಾಗೇ ಕೂತುಬಿಟ್ಟಿದ್ದೆ.

ನಿಮ್ಮ ಊರಿನ ಶಾಸನ ಈಗಾಗಲೇ ಓದಿದ್ದಾರಾ ಅಂತ ಮೊದಲು ನೋಡಿಕೊಳ್ಳಿ. ಬಿ.ಎಲ್. ರೈಸ್ 1886ರಿಂದ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ 12 ಸಂಪುಟ ಜಿಲ್ಲೆವಾರು ಇವೆ. ಚಿತ್ರದುರ್ಗ 11ನೆಯದು, ತುಮಕೂರು 12ನೆಯದು. ಒಂದೊಂದು ಶಾಸನಕ್ಕೂ ತಾಲ್ಲೂಕಿನ ಹೆಸರು, ಮುಂದೆ ನಂಬರ್ ಇರುತ್ತದೆ. ಮೈಸೂರು ವಿಶ್ವವಿದ್ಯಾಲಯದ ಪರಿಷ್ಕೃತ ಸಂಪುಟಗಳಲ್ಲಿ ನಂಬರ್ ಬೇರೆ ಇದೆ, ಗಲಿಬಿಲಿ ಮಾಡಿಕೊಳ್ಳಬೇಡಿ. ಶಕ ವರ್ಷ ಇದ್ದರೆ 78 ಕೂಡಿಸಿ, ಸಂವತ್ಸರದ ಹೆಸರಿಗೆ ತಾಳೆ ನೋಡಿ. ಶಕ 1798ಕ್ಕೆ 78 ಕೂಡಿಸಿದರೆ 1876, ಧಾತು. ಎರಡೂ ಕೂಡದಿದ್ದರೆ ಎಲ್ಲೋ ಓದಿದ್ದು ತಪ್ಪಾಗಿದೆ.

ಬೆಂಗಳೂರಿನ ಕಡೆಯವರು ಯಾರಾದರೂ ಇದ್ದರೆ ಮಿಥಿಕ್ ಸೊಸೈಟಿಯವರು ಮಾಡುತ್ತಿರುವ 3ಡಿ ಸ್ಕ್ಯಾನ್ ಕೆಲಸ ನೋಡಿ. ಕಲ್ಲು ಮುಟ್ಟದೆ ಅಕ್ಷರ ಓದುವ ಹಾಗೆ ಮಾಡಿದ್ದಾರೆ. ನಿಧಿ ಆಸೆಗೆ ಕಲ್ಲು ಒಡೆಯುವವರು, ರಸ್ತೆ ಮಾಡುವಾಗ ಹೂತು ಹಾಕುವವರು ಇರುವ ಈ ಕಾಲದಲ್ಲಿ ಇದು ಪುಣ್ಯದ ಕೆಲಸ.

ತವರುಮನೆ

ನಾನು ಎರಡು ದಿನದಿಂದ ಒಂದೇ ವಾಕ್ಯ ಯೋಚನೆ ಮಾಡುತ್ತಿದ್ದೇನೆ. "ಬರ ಬಂತು. ಆಮೇಲೆ ನೀರು ಬಂತು. ಎದ್ದು ಬಂದೆವು." ಬರ ಮುಗಿದು ಮಳೆ ಬಂದ ಮೇಲೆ ಯಾರಾದರೂ ಊರು ಬಿಡುತ್ತಾರಾ? ಮಳೆ ಬಂದರೆ ಬಿತ್ತನೆ ಮಾಡುತ್ತಾರೆ. ಊರು ಬಿಡುವುದಿದ್ದರೆ ಬರದಲ್ಲಿ ಬಿಡುತ್ತಾರೆ. ಚಿಕ್ಕಜ್ಜಿ ಮಳೆ ಅಂದಿಲ್ಲ, ನೀರು ಅಂದಿದ್ದಾರೆ. ಅವರ ಮಾತನ್ನು ನೀವು ತಿದ್ದಿಕೊಂಡಿರಿ ಅನ್ನಿಸುತ್ತದೆ. ಬೈಯುತ್ತಿಲ್ಲ ತಮ್ಮಾ, ಎಲ್ಲರೂ ಹೀಗೇ ಮಾಡುತ್ತೇವೆ. ಗಂಡಸರು ಹೇಳಿದ್ದನ್ನು ಚರಿತ್ರೆ ಅಂತ ಬರೆದುಕೊಳ್ಳುತ್ತೇವೆ, ಅಜ್ಜಿಯರು ಹೇಳಿದ್ದಕ್ಕೆ ನಮ್ಮ ಅರ್ಥ ಹಚ್ಚುತ್ತೇವೆ.

ನಾನು ನಮ್ಮ ಮನೆಯ ಹೆಣ್ಣುಮಕ್ಕಳ ಜಾಡು ಹುಡುಕಿದವಳು. ಕಾಗದದಲ್ಲಿ ಅವರು ಇಲ್ಲವೇ ಇಲ್ಲ, ಗಂಡ ಸತ್ತು ಜಮೀನು ಹೆಸರಿಗೆ ಬಂದರೆ ಮಾತ್ರ "ಕೋಂ" ಅಂತ ಒಂದು ಸಲ ಕಾಣುತ್ತಾರೆ. ನನಗೆ ಸಿಕ್ಕಿದ್ದೆಲ್ಲ ಮುಯ್ಯಿ ಪುಸ್ತಕ, ಲಗ್ನಪತ್ರಿಕೆ, ಪಾತ್ರೆಗಳಿಂದ. ಪಾತ್ರೆ ಅಂದರೆ ನಿಜವಾಗಿ ಪಾತ್ರೆ. ನಮ್ಮ ಮನೆಯ ಹಿತ್ತಾಳೆ ಕೊಳಗದ ಕಂಠದಲ್ಲಿ ಚುಕ್ಕೆ ಚುಕ್ಕೆಯಾಗಿ ಕೊಟ್ಟವರ ಹೆಸರು, ಊರು, ಇಸವಿ ಕೊರೆಸಿದ್ದಾರೆ. ಎಪ್ಪತ್ತು ವರ್ಷ ಅದರಲ್ಲಿ ನೀರು ಕಾಯಿಸಿದ್ದೇವೆ, ಒಬ್ಬರೂ ಓದಿರಲಿಲ್ಲ. ಹುಣಸೆಹಣ್ಣು ಹಾಕಿ ಉಜ್ಜುವಾಗ ಬೆರಳಿಗೆ ತಗುಲಿತು. ಅಜ್ಜಿಯ ತವರು ಗೊತ್ತಾದದ್ದು ಅಲ್ಲಿಂದ.

ಶಿರಾಸೀಮೆ ಅವರೇ, ಮತ್ತೊಮ್ಮೆ ಹೋಗಿ ಚಿಕ್ಕಜ್ಜಿಯನ್ನು ಕೇಳಿ. ನೀರು ಎಲ್ಲಿಂದ ಬಂತು ಅಂತ ಕೇಳಿ.

ವೇದಾವತಿ

ನಾನು ಹೊಸದುರ್ಗದವನು. ತವರುಮನೆ ಅಕ್ಕನ ಮಾತು ಓದಿದ ತಕ್ಷಣ ಇದನ್ನು ಬರೆಯುತ್ತಿದ್ದೇನೆ. ನಮ್ಮ ಕಡೆ "ನೀರು ಬಂತು" ಅಂದರೆ ಒಂದೇ ಅರ್ಥ. ಮಾರಿಕಣಿವೆ.

ವಾಣಿವಿಲಾಸ ಸಾಗರ ಅಂತ ಪುಸ್ತಕದಲ್ಲಿ ಬರೆಯುತ್ತಾರೆ. ಅಣೆಕಟ್ಟು ಇರುವುದು ಹಿರಿಯೂರು ತಾಲ್ಲೂಕಿನಲ್ಲಿ, ವೇದಾವತಿ ನದಿಗೆ. ಮೈಸೂರಿನ ಮಹಾರಾಣಿಯವರು ರೀಜೆಂಟ್ ಆಗಿದ್ದ ಕಾಲದಲ್ಲಿ ಕೆಲಸ ಶುರುವಾಗಿ 1907ರಲ್ಲಿ ಮುಗಿಯಿತು. ಹಿನ್ನೀರು ನಮ್ಮ ಹೊಸದುರ್ಗದ ಕಡೆಗೆ ಚಾಚಿಕೊಂಡಿದೆ. ಆಗ ಮುಳುಗಿದ ಹಳ್ಳಿಗಳಿವೆ. ಜನ ಎದ್ದು ಎಲ್ಲೆಲ್ಲಿಗೋ ಹೋದರು. ನಿಮ್ಮ ಮುತ್ತಜ್ಜ ಹುಟ್ಟಿದ್ದು 1905ರ ಆಸುಪಾಸು ಅಂದರಲ್ಲ, ಆ ಕೈಗೂಸು ಯಾರು ಅಂತ ಈಗ ಲೆಕ್ಕ ಹಾಕಿ.

2022ರಲ್ಲಿ 89 ವರ್ಷದ ನಂತರ ಕೋಡಿ ಬಿತ್ತಲ್ಲ, ಅದಕ್ಕೂ ಹಿಂದೆ ಕೋಡಿ ಬಿದ್ದದ್ದು 1933ರಲ್ಲಿ. ನಡುವೆ ಎಷ್ಟೋ ವರ್ಷ ನೀರು ತಳ ಹಿಡಿದಿತ್ತು. ಅಂಥ ಬೇಸಿಗೆಯಲ್ಲಿ ನಮ್ಮ ತಾತ ಹಿನ್ನೀರಿನ ಕಡೆ ಕರೆದುಕೊಂಡು ಹೋಗಿ ಮಣ್ಣಿನಲ್ಲಿ ಕಾಣುತ್ತಿದ್ದ ಕಲ್ಲಿನ ಸಾಲು ತೋರಿಸಿ, "ಇದು ಯಾರದೋ ಮನೆಯ ಪಾಯ" ಅಂದಿದ್ದರು. ಚಪ್ಪಲಿ ಬಿಟ್ಟು ನಡೆದಿದ್ದೆವು.

ಹಳೇಕಡತ

ಸರಿಹೊಂದುತ್ತಿದೆ. ಆದರೂ ಅವಸರ ಬೇಡ, ಇದು ಇನ್ನೂ ಊಹೆ. ಮೂರು ವಿಷಯ ತಾಳೆ ಆಗಬೇಕು. ಮುಯ್ಯಿ ಪುಸ್ತಕದ ಊರು ಹಿನ್ನೀರಿನಲ್ಲಿ ಇತ್ತಾ? ಗುಡಿಯ ಒಕ್ಕಲಲ್ಲಿ ಆ ದಾಯಾದಿಗಳ ಕಡೆಯವರು ಇದ್ದಾರಾ? ಶಿರಾ ಕಡೆಯ ಹಳೆಯ ಕಾಗದದಲ್ಲಿ ಬಿನ್ ಏನು ಹೇಳುತ್ತದೆ? ಮೂರಕ್ಕೆ ಎರಡು ಕೂಡಿದರೂ ನಾನು ಒಪ್ಪುತ್ತೇನೆ. ಕಣಿವೆ ಕಟ್ಟಿದ ಕಾಲದ ಸರ್ಕಾರಿ ಕಡತಗಳಿಗೆ ರಾಜ್ಯ ಪತ್ರಾಗಾರದಲ್ಲಿ ಕೇಳಿ. ಬೆಂಗಳೂರಿನಲ್ಲಿ ವಿಧಾನಸೌಧದಲ್ಲೇ ಇದೆ. ಗುರುತಿನ ಚೀಟಿ, ಒಂದು ಅರ್ಜಿ, ಏನು ಹುಡುಕುತ್ತಿದ್ದೀರಿ ಅಂತ ಎರಡು ಸಾಲು ಬರೆದುಕೊಂಡು ಹೋಗಿ.

ಶಿರಾಸೀಮೆ

ಮೂರು ತಿಂಗಳಾಯಿತು, ಬರೆಯುವುದು ತಡವಾಯಿತು. ಒಂದೊಂದಾಗಿ ಹೇಳುತ್ತೇನೆ.

ಕಾಗದ ಮೊದಲು. ನಕಲಿಗೆ ಅರ್ಜಿ ಹಾಕಿ ನಾಲ್ಕು ಸಲ ಅಲೆದೆ. ಎರಡು ಸಲ "ಪುಸ್ತಕ ಸಿಗುತ್ತಿಲ್ಲ" ಅಂತ ವಾಪಸ್ ಕಳಿಸಿದರು. ಕೊನೆಗೆ ಸಿಕ್ಕಿತು. ನಮ್ಮ ಮುತ್ತಜ್ಜನ ಹೆಸರು, ಬಿನ್, ಅವರ ಅಪ್ಪನ ಹೆಸರು. ಅದೇ ನಂಬರಿನ ಹಳೆಯ ನಮೂದಿನಲ್ಲಿ ಆ ಅಪ್ಪನ ಹೆಸರು, ಬಿನ್, ಮತ್ತೆ ನಮ್ಮ ಮುತ್ತಜ್ಜನದೇ ಹೆಸರು! ತಾತ, ಮೊಮ್ಮಗ ಒಂದೇ ಹೆಸರಿನವರು. ಹಳೇಕಡತ ಸರ್ ಹೇಳಿದ್ದು ಅಕ್ಷರಕ್ಕೆ ಅಕ್ಷರ ನಿಜ. ಕಚೇರಿಯ ಮೆಟ್ಟಿಲ ಮೇಲೆ ಕೂತು ಅಪ್ಪನಿಗೆ ಫೋನ್ ಮಾಡಿದೆ, ಇಬ್ಬರಿಗೂ ಸ್ವಲ್ಪ ಹೊತ್ತು ಮಾತು ಬರಲಿಲ್ಲ.

ಆಮೇಲೆ ಅಪ್ಪನನ್ನು ಕರೆದುಕೊಂಡು ಮನೆದೇವರಿಗೆ ಹೋದೆ. ಸರಪಳಿ ಸರ್ ಹೇಳಿದ ಹಾಗೆ ಕಾಗದ ಪೆನ್ನು ತೆಗೆಯಲಿಲ್ಲ. ಪೂಜಾರಪ್ಪ ಒಕ್ಕಲಿನ ಊರುಗಳನ್ನು ಬೆರಳು ಮಡಿಸುತ್ತಾ ಹೇಳಿದರು, ಒಂಬತ್ತು ಊರು, ನಾಲ್ಕು ತಾಲ್ಲೂಕಿನಲ್ಲಿ ಚದುರಿವೆ. ಮುಯ್ಯಿ ಪುಸ್ತಕದ ಊರಿನ ಹೆಸರು ಹೇಳಿದೆ. ಅವರು ಗುಡಿಯ ಹಿಂದಕ್ಕೆ ಕರೆದುಕೊಂಡು ಹೋಗಿ ಕೆಳಗೆ ಹಿನ್ನೀರಿನ ಕಡೆ ಕೈ ತೋರಿಸಿದರು. ಹಳೆಯ ಊರು ಅಲ್ಲಿ. ಉಳಿದ ಕೆಲವು ಮನೆಯವರು ಮೇಲೆ ದಿಬ್ಬದ ಮೇಲೆ ಬೇರೆ ಹೆಸರಿನಲ್ಲಿ ಊರು ಕಟ್ಟಿಕೊಂಡಿದ್ದಾರೆ, 1956ರಲ್ಲೂ ಮದುವೆಗೆ ಬಂದಾಗ ಹಳೆಯ ಹೆಸರನ್ನೇ ಬರೆಸಿದ್ದಾರೆ. ದಾಯಾದಿಗಳ ಮನೆಗೂ ಹೋದೆವು. ಮೊದಲು ಅನುಮಾನದಿಂದಲೇ ನೋಡಿದರು. ಅಪ್ಪ ಮುಯ್ಯಿ ಪುಸ್ತಕದ ಆ ಹಾಳೆ ಬಿಚ್ಚಿ ತೋರಿಸಿದ ಮೇಲೆ ಒಳಗೆ ಕರೆದು ಕಾಫಿ ಕೊಟ್ಟರು. ಆ ಮನೆಯ ಹಿರಿಯರು ತಮ್ಮ ಅಪ್ಪನ ಹೆಸರಿನ ಮೇಲೆ ಬೆರಳಿಟ್ಟುಕೊಂಡು ತುಂಬ ಹೊತ್ತು ಕೂತಿದ್ದರು.

ಪತ್ರಾಗಾರಕ್ಕೆ ಇನ್ನೂ ಹೋಗಿಲ್ಲ. ಬೇಸಿಗೆ ರಜೆಯಲ್ಲಿ ಹೋಗುತ್ತೇನೆ, ಮುಳುಗಡೆ ಪರಿಹಾರದ ಪಟ್ಟಿ ಸಿಗುತ್ತದಾ ನೋಡಬೇಕು.

ಕೊನೆಗೆ ಚಿಕ್ಕಜ್ಜಿ. ಎಲ್ಲ ಹೇಳಿದೆ, ಕಣಿವೆ ಕಟ್ಟಿದ್ದು, ಊರು ಮುಳುಗಿದ್ದು, ಬರ ಕಂಡವರು ಬೇರೆ, ಎದ್ದು ಬಂದವರು ಬೇರೆ, ಕೈಗೂಸಾಗಿ ಬಂದದ್ದು ಅವರ ಅಪ್ಪನೇ ಅಂತ. ಪೂರ್ತಿ ಕೇಳಿಸಿಕೊಂಡು "ಅದನ್ನೇ ಅಲ್ವಾ ನಾನು ಹೇಳಿದ್ದು" ಅಂದರು. ಸ್ವಲ್ಪ ತಡೆದು, "ಅಮ್ಮನನ್ನು ಎತ್ತಿಕೊಂಡು ದಿಬ್ಬ ಹತ್ತಿದ್ದು ನಮ್ಮ ಮನೆಯವರೇ, ಅವಳ ಹಳೇ ಗುಡಿಯ ಕಲ್ಲು ಇನ್ನೂ ನೀರಿನಲ್ಲೇ ಇದೆ" ಅಂದರು. ಇದನ್ನು ನಾನು ಯಾರ ಬಾಯಲ್ಲೂ ಕೇಳಿರಲಿಲ್ಲ.

ವೇದಾವತಿ ಅಣ್ಣ, ನೀರು ಇಳಿದ ವರ್ಷ ನನಗೆ ಒಂದು ಫೋನ್ ಮಾಡ್ತೀರಾ?

ವೇದಾವತಿ

ಖಂಡಿತ. ಚಿಕ್ಕಜ್ಜಿಯನ್ನೂ ಕರೆದುಕೊಂಡು ಬನ್ನಿ. ದಿಬ್ಬದವರೆಗೂ ಕಾರು ಬರುತ್ತದೆ, ಅಲ್ಲಿಂದ ಕೆಳಕ್ಕೆ ನಾನು ಕೈ ಹಿಡಿದು ಇಳಿಸುತ್ತೇನೆ.